ಠಾಣೆಯ ಹಿತ್ತಲಲ್ಲಿ ಕೆಂಪಾದ ಗೋಧಿ

"ಕತ್ತರಿ ನೀವ ಹಿಡೀರಿ ಬಾಯಾರ," ಎಂದ ಹವಾಲ್ದಾರ ಮುರಗೆಪ್ಪ. "ಎಲ್ಲಾ ತಿಳದಾಕಿ ನೀವು."

ರಾಜಮತಿ ಹಿಡಿಯಲಿಲ್ಲ. ಅರಗಿನ ಮುದ್ರೆ ಒತ್ತಿದವರೇ ಅದನ್ನು ಒಡೆಯಬೇಕು, ಇಲ್ಲದಿದ್ದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಎಂಬ ಮಾತು ನಾಳೆ ಹುಟ್ಟುತ್ತದೆ ಎಂದು ಮೆಲ್ಲಗೆ ಹೇಳಿ ಒಂದು ಹೆಜ್ಜೆ ಹಿಂದೆ ಸರಿದಳು.

ಅದು ಕಾಗವಾಡದ ಪೊಲೀಸ್ ಠಾಣೆಯ ಹಿತ್ತಲು. ೧೯೮೯ರ ಜನವರಿ ಮುಗಿಯುತ್ತ ಬಂದಿತ್ತು. ಬೇವಿನ ಮರದ ನೆರಳು ದಾಟಿದ ಮೇಲೆ ಸಿಗುವ ಬಿಸಿಲಿನಲ್ಲಿ ಮೂರು ಗೂಡುಗಳು ಸಾಲಾಗಿ ನಿಂತಿದ್ದವು. ಬಿದಿರಿನ ಚೌಕಟ್ಟು, ಅದರ ಸುತ್ತ ಎರಡು ಪದರಿನ ಬಿಳಿ ಪರದೆ, ಒಳಗೆ ಮಣ್ಣಿನ ಕುಂಡಗಳಲ್ಲಿ ಗೋಧಿಯ ಸಸಿ. ಎರಡು ಪದರಾದ್ದರಿಂದ ಒಳಗಿನದು ಮಂಜಿನಲ್ಲಿ ಕಂಡಂತೆ ಮಸುಕು ಮಸುಕು.

ಎಮ್ಮೆ ಕಳವು, ಬದುವಿನ ಬಡಿದಾಟ, ಹೊಳೆದಂಡೆಯ ಮೋಟರಿನ ತಾಮ್ರದ ತಂತಿ ಕದ್ದವರು, ಇವುಗಳಲ್ಲೇ ಮೀಸೆ ಹಣ್ಣಾದ ಮುರಗೆಪ್ಪನಿಗೆ ಗೋಧಿಗೆ ಕಾವಲು ನಿಲ್ಲುವ ಕೆಲಸ ಬಂದದ್ದು ಇದೇ ಮೊದಲು. ಠಾಣೆಯ ಜೊತೆಗಾರರು ಮೊದಮೊದಲು ನಕ್ಕರು. ಆದರೆ ದಿನ ಕಳೆದಂತೆ ಅವನಿಗೆ ಇದರಲ್ಲಿ ಒಂದು ಬಗೆಯ ಸುಖ ಹತ್ತಿತ್ತು. ಬೆಳಿಗ್ಗೆ ಬಂದವನೇ ಕುಂಡದ ಕೆಳಗಿನಿಂದ ಪರದೆಯ ಹೊರಗೆ ಚಾಚಿದ ತಾಟಿಗೆ ನೀರು ಹೊಯ್ದು, "ಹೆಂಗದೀರಪಾ" ಎಂದು ಸಸಿಗಳನ್ನು ವಿಚಾರಿಸಿಕೊಂಡ ಮೇಲೆಯೇ ಟೋಪಿ ಹಾಕಿಕೊಳ್ಳುತ್ತಿದ್ದ.

ಶಿರಗುಪ್ಪಿಯ ತಾತ್ಯಾಸಾಹೇಬರ ಖಪಲಿ ಗೋಧಿ ತೆನೆ ಇಣುಕುವ ಹೊತ್ತಿಗೆ ಕೆಂಪಾಗಿ ಕುಗ್ಗಿದ್ದು, ಕಾಲುವೆಯಾಚೆಯ ಬಾಬಾಸಾಹೇಬರೇ ವಿಷ ಹಾಕಿದರೆಂದು ಅವರು ದೂರು ಕೊಟ್ಟದ್ದು, ಮಣ್ಣನ್ನೂ ನೀರನ್ನೂ ಪರೀಕ್ಷಿಸಿ ಅವೆರಡರಲ್ಲೂ ವಿಷವಿಲ್ಲವೆಂದು ರಾಜಮತಿ ತೋರಿಸಿದ್ದು ಈಗ ಊರಿಗೆಲ್ಲ ಗೊತ್ತಿದ್ದ ಸಂಗತಿ. ಇನ್ನು ಉಳಿದ ಆರೋಪಿ ಒಂದೇ, ಅದು ಕಣ್ಣಿಗೆ ಕಾಣುವಂಥದಲ್ಲ ಎಂದು ಆಕೆ ಹೇಳಿದ್ದಳು.

ರಾಜಮತಿ ಉಗಾರ ಖುರ್ದದ ಮಗಳು. ಬೆಳೆಗೆ ಬೀಳುವ ನಂಜುರೋಗ, ಎಂದರೆ ವೈರಸ್ಸು, ಅದನ್ನು ಹುಡುಕಿ ಹೆಸರು ಹಿಡಿಯುವುದು ಧಾರವಾಡದಲ್ಲಿ ಆಕೆಯ ಕೆಲಸ. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ನಕ್ಕರೆ ಮಾತ್ರ ಮುಖ ತುಂಬ ನಗು.

ಮರದ ಒಂದು ಬದಿಗೆ ತಾತ್ಯಾಸಾಹೇಬರು ನಿಂತಿದ್ದರು. ಬಿಳಿ ಟೋಪಿ, ಇಸ್ತ್ರಿ ಮುರಿಯದ ಧೋತರ, ಬಿಗಿದ ತುಟಿ. ಅವರ ಹಿಂದೆ ತಮ್ಮ ಪಾರಿಸ. ಇನ್ನೊಂದು ಬದಿಗೆ ಬಾಬಾಸಾಹೇಬರು, ರುಮಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ. ಈ ಇಬ್ಬರದೂ ಹೊಳೆಗೆ ಒಂದೇ ಮೋಟರು, ಒಂದೇ ಪೈಪು. ಅಪ್ಪಂದಿರ ಕಾಲದಿಂದ ಒಬ್ಬರ ಕಬ್ಬಿಗೆ ನೀರು ಬಿಟ್ಟ ಮೇಲೆ ಇನ್ನೊಬ್ಬರ ಗೋಧಿಗೆ. ಈ ಒಂದು ತಿಂಗಳಿಂದ ಮೋಟರಿನ ಕೋಣೆಗೆ ಎರಡು ಬೀಗ ಬಿದ್ದಿದ್ದವು.

ಮುರಗೆಪ್ಪ ಮೊದಲ ಗೂಡಿನ ಅರಗು ಒಡೆದು ಹೊಲಿಗೆ ಬಿಚ್ಚಿದ. ಈ ಸಸಿಗಳಿಗೆ ಕೆಂಪಾದ ಗೋಧಿಯನ್ನು ಅರೆದು ಅದರ ರಸ ಸವರಿದ್ದರು. ಪರದೆ ಸರಿಸಿದಾಗ ಹಚ್ಚಹಸಿರು ಎಲೆಗಳು ಬಿಸಿಲಿಗೆ ಮಿರುಗಿದವು.

"ನೋಡ್ರಿ ಮತ್ತ," ಎಂದರು ತಾತ್ಯಾಸಾಹೇಬರು. "ರೋಗ ಆಗಿದ್ರ ಹತ್ತಬೇಕಿತ್ತು. ಹತ್ತಿಲ್ಲ. ಅಂದಮ್ಯಾಲ ವಿಷನ."

ರಾಜಮತಿ ಎರಡನೆಯದನ್ನು ತೆರೆಯುವಂತೆ ಕಣ್ಣಲ್ಲೇ ಹೇಳಿದಳು. ಅದರಲ್ಲಿ ಮಾವಾ ಬಿಟ್ಟಿದ್ದರು. ಎಲೆಯ ಬೆನ್ನಿಗೆ ಗುಂಪಾಗಿ ಕೂತು ರಸ ಹೀರುವ, ಎಳ್ಳಿಗಿಂತ ಸಣ್ಣ ಹೇನಿಗೆ ಗಡಿಭಾಗದ ರೈತರು ಮಾವಾ ಎನ್ನುತ್ತಾರೆ. ಆದರೆ ಇವು ರೋಗವಿಲ್ಲದ ಸಸಿಯ ಮೇಲೆ ಹುಟ್ಟಿ ಅಲ್ಲೇ ಬೆಳೆದ ಮಾವಾ. ನಾಲ್ಕಾರು ದಿನ ಉಣ್ಣಲು ಬಿಟ್ಟು ಆಮೇಲೆ ಔಷಧ ಹೊಡೆದು ಕೊಂದಿದ್ದರು. ಆ ಸಸಿಗಳೂ ಹಸಿರು.

ತಾತ್ಯಾಸಾಹೇಬರು ತಮ್ಮನ ಕಡೆ ತಿರುಗಿ ತಲೆಯಾಡಿಸಿದರು. ಬಾಬಾಸಾಹೇಬರ ಬೆರಳು ರುಮಾಲಿನಲ್ಲೇ ನಿಂತಿತು.

ಮೂರನೆಯ ಗೂಡಿಗೂ ಎರಡನೆಯದಕ್ಕೂ ಇದ್ದ ವ್ಯತ್ಯಾಸ ಒಂದೇ. ಇದರಲ್ಲಿ ಬಿಟ್ಟ ಮಾವಾ ತಾತ್ಯಾಸಾಹೇಬರ ಕೆಂಪು ಹೊಲದಿಂದ ತಂದವು. ಹಲವು ದಿನಗಳಿಂದ ಪರದೆಯ ಹೊರಗಿನಿಂದ ಏನೋ ಬಣ್ಣ ಕಂಡಂತಾಗಿ ಮುರಗೆಪ್ಪ ದಿನಕ್ಕೆ ನಾಲ್ಕು ಸಲ ಬಂದು ಇಣುಕುತ್ತಿದ್ದ. ಯಾರಿಗೂ ಹೇಳಬಾರದೆಂದು ರಾಜಮತಿ ಮಾತು ತೆಗೆದುಕೊಂಡಿದ್ದಳು. ಹೆಂಡತಿಗೂ ಹೇಳಿರಲಿಲ್ಲ. ಅವನ ಸಂಸಾರದ ಇತಿಹಾಸದಲ್ಲಿ ಅಂಥ ಗುಟ್ಟು ಅದೊಂದೇ.

ಹೊಲಿಗೆ ಬಿಚ್ಚಿತು. ಪರದೆ ಕೆಳಗೆ ಜಾರಿತು.

ಎಲೆಯ ತುದಿಯಿಂದ ಇಳಿದ ಹಳದಿ, ಅಂಚಿಗೆ ಕುಂಕುಮ ಸವರಿದಂಥ ಕೆಂಪು. ಪಕ್ಕದ ಎರಡು ಗೂಡುಗಳ ಸಸಿಗಳಿಗಿಂತ ಇವು ಒಂದು ಗೇಣು ಗಿಡ್ಡ. ಶಿರಗುಪ್ಪಿಯ ಹೊಲದಿಂದ ಒಂದು ಹಿಡಿ ಕಿತ್ತು ಇಲ್ಲಿ ನೆಟ್ಟಂತಿತ್ತು.

ಬೇವಿನ ಮರದ ಮೇಲೆ ಒಂದು ಕಾಗೆ ರೆಕ್ಕೆ ಕೊಡವಿತು. ಬಾಬಾಸಾಹೇಬರು ಮೆಲ್ಲಗೆ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ರಾಜಮತಿ ಒಂದು ಕೆಂಪು ಎಲೆ ಕಿತ್ತು ತಾತ್ಯಾಸಾಹೇಬರ ಅಂಗೈ ಮೇಲೆ ಇಟ್ಟಳು. ಎರಡನೆಯ ಗೂಡಿಗೂ ಹೊಡೆದ ಔಷಧ ಬಿಟ್ಟರೆ ಈ ಗೂಡಿಗೆ ಬೇರೆ ಯಾವ ವಿಷವೂ ಹೋಗಿಲ್ಲ, ಬಾಬಾಸಾಹೇಬರು ಇದರ ಹತ್ತಿರ ಸುಳಿದೂ ಇಲ್ಲ, ಹಿತ್ತಲಿನ ಕೀಲಿಯೂ ಅರಗಿನ ಮುದ್ರೆಯೂ ಪೊಲೀಸರ ಕೈಯಲ್ಲಿದ್ದವು ಎಂದು ನೆನಪಿಸಿದಳು. ಆಮೇಲೆ ತನ್ನೂರ ಮಾತಿನಲ್ಲೇ ಬಿಡಿಸಿ ಹೇಳಿದಳು.

"ಈ ನಂಜು ರಸ ಸವರಿದ್ರ ಹತ್ತೂದಿಲ್ಲ ಕಾಕಾ. ಮಾವಾದ ಮೂತಿಲೇ ಹೋಗಬೇಕು. ಅದೂ ಬ್ಯಾನಿ ಬಿದ್ದ ಗಿಡದ ಮ್ಯಾಲ ಉಂಡ ಮಾವಾನ ಆಗಬೇಕು. ಬರೇ ಮಾವಾಕ್ಕೂ ತಪ್ಪಿಲ್ಲ, ಬರೇ ರಸಕ್ಕೂ ತಪ್ಪಿಲ್ಲ. ಎರಡೂ ಕೂಡಿದ್ರ ಹಿಂಗ."

ಕಳ್ಳನಿಗೆ ಕಾಲಿಲ್ಲ, ಮಾವಾ ಅವನ ಕುದುರೆ ಎಂದು ಮುರಗೆಪ್ಪ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ. ಹಾಗೆಯೇ ಕೇಳಿಯೂ ಬಿಟ್ಟ. ರಾಜಮತಿ ನಕ್ಕಳು, ಇದಕ್ಕಿಂತ ಚೆನ್ನಾಗಿ ತಾನೂ ಹೇಳಲಾರೆ ಎಂದಳು. ಜವೆಗೋಧಿಯಲ್ಲಿ, ಎಂದರೆ ಬಾರ್ಲಿಯಲ್ಲಿ, ಮೊದಲು ಸಿಕ್ಕಿದ್ದರಿಂದ ಇದಕ್ಕೆ ಜವೆಗೋಧಿಯ ಹಳದಿ ಕುಳ್ಳು ನಂಜು ಎನ್ನುತ್ತಾರಂತೆ. ಲಕ್ಷಣ ಕೂಡಿದೆ, ಹರಡುವ ದಾರಿಯೂ ಕೂಡಿದೆ. ಕೆಂಪು ಎಲೆಗಳ ಒಂದು ಪಾಕೀಟು ಪುಣೆಯ ಪ್ರಯೋಗಾಲಯಕ್ಕೆ ಹೋಗಿದೆ. ಅಲ್ಲಿನ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅದರ ಮುಖ ಕಂಡರೆ ಹೆಸರು ಖಾತ್ರಿ.

ತಾತ್ಯಾಸಾಹೇಬರು ಸುಲಭಕ್ಕೆ ಬಗ್ಗುವ ಆಳಲ್ಲ. ರೋಗ ಹೊತ್ತ ಮಾವಾ ಬಂದದ್ದಾದರೂ ಎಲ್ಲಿಂದ, ಬಾಬಾಸಾಹೇಬರ ಮೆಕ್ಕೆಜೋಳದಿಂದಲೇ ಇರಬೇಕಲ್ಲ ಎಂದರು.

"ನಿಮ್ಮ ಬದುವಿನ ಹುಲ್ಲಿನಾಗೂ ಇದ್ದೀತು, ಹೊಳಿಯಾಚೆ ಯಾರದರ ಜ್ವಾಳದಾಗೂ ಇದ್ದೀತು. ರೆಕ್ಕಿ ಬಂದ ಹುಳಕ್ಕ ಸರ್ವೆ ನಂಬರ ಕೇಳಾಕ ಆಗೂದಿಲ್ಲ ಕಾಕಾ."

ಕಟ್ಟೆಯ ಮೇಲೆ ಕೂತ ಬಾಬಾಸಾಹೇಬರಿಗೆ ಅಷ್ಟು ದಿನದ ಮೇಲೆ ಮೊದಲ ಸಲ ನಗು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ತಾತ್ಯಾಸಾಹೇಬರು ಅಂಗೈಯೊಳಗಿನ ಎಲೆಯನ್ನು ಬಹಳ ಹೊತ್ತು ನೋಡಿದರು. ಅವರ ತುಟಿ ಸ್ವಲ್ಪ ಸಡಿಲಾಯಿತು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು.

"ಅದೆಲ್ಲ ಖರೆ ಅಂತನ ಇಟ್ಟಕೋರಿ," ಎಂದರು. "ಡಬ್ಬಿ? ಡಬ್ಬಿ ತಾನ ನಡಕೊಂತ ಬಂತೇನು ನನ್ನ ಹೊಲಕ್ಕ?"

ಅದು ನ್ಯಾಯವಾದ ಪ್ರಶ್ನೆ. ಗೋಧಿ ಕೆಂಪಾದ ಮರುದಿನ ಕಾಲುವೆಯ ದಂಡೆಯಲ್ಲಿ ಒಂದು ತಗಡಿನ ಡಬ್ಬಿ ಪಾರಿಸನ ಕಣ್ಣಿಗೆ ಬಿದ್ದಿತ್ತು. ಹೊರಗಿನ ಚೀಟಿ ಕಿತ್ತುಹಾಕಿದ್ದರು. ಅದರಲ್ಲಿ ವಿಷ ಇದೆ, ಮುಟ್ಟಬೇಡಿ ಎಂದು ಜನ ಕೂಗಿದ್ದರಿಂದ ಮುರಗೆಪ್ಪ ಕೋಲಿನಿಂದ ಎತ್ತಿ ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿದ್ದ. ಮಣ್ಣು, ನೀರು, ಸಸಿ ಎಂದು ಓಡಾಡುವ ಭರಾಟೆಯಲ್ಲಿ ಅದು ಠಾಣೆಯ ಮೂಲೆಯಲ್ಲಿ ಹಾಗೆಯೇ ಕುಳಿತಿತ್ತು.

ಈಗ ಅವನು ಅದನ್ನು ತಂದು ಬಿಸಿಲಿಗೆ ಹಿಡಿದ. ಒಳಗೆ ಒಂದು ಹನಿಯೂ ಇರಲಿಲ್ಲ. ತಳದಲ್ಲಿ ಮಾತ್ರ ನೀಲಿ ಹಸಿರು ಬಣ್ಣದ ಒಂದು ಹಕ್ಕಳೆ ಕಟ್ಟಿತ್ತು, ನವಿಲಿನ ಕುತ್ತಿಗೆಯ ಬಣ್ಣ.

ರಾಜಮತಿ ಒಂದು ಕಡ್ಡಿಯಿಂದ ಕೆರೆದು ನೋಡಿದಳು. ಸುಣ್ಣ ಬೆರೆತ ಮೋರಚೂದ ಎಂದಳು. ಮೈಲುತುತ್ತಕ್ಕೆ ಆ ಕಡೆ ಅದೇ ಹೆಸರು. ದ್ರಾಕ್ಷಿಯ ಬಳ್ಳಿಗೆ ಬೂಷ್ಟು ಹತ್ತದಂತೆ ಕಲಸಿ ಹೊಡೆಯುತ್ತಾರೆ. ಒಂದು ಡಬ್ಬಿ ಚೆಲ್ಲಿದರೆ ಗೋಧಿ ಹೊಲಕ್ಕೆ ಏನೂ ಆಗುವುದಿಲ್ಲ.

ದ್ರಾಕ್ಷಿ ಎಂಬ ಮಾತು ಕಿವಿಗೆ ಬಿದ್ದಾಗ ಮುರಗೆಪ್ಪ ಕತ್ತೆತ್ತಲಿಲ್ಲ. ಅಷ್ಟು ವರ್ಷದ ನೌಕರಿ ಅವನಿಗೆ ಕಲಿಸಿದ್ದು ಅದನ್ನೇ, ಹೊಳೆದದ್ದು ಮುಖಕ್ಕೆ ಬರಬಾರದು. ಶಿರಗುಪ್ಪಿಯ ಆ ದಂಡೆಯಲ್ಲಿ ಎಲ್ಲರದೂ ಕಬ್ಬು ಇಲ್ಲವೇ ಗೋಧಿ. ತಾತ್ಯಾಸಾಹೇಬರದು ದ್ರಾಕ್ಷಿ ಇಲ್ಲ, ಬಾಬಾಸಾಹೇಬರದೂ ಇಲ್ಲ. ಆದರೆ ಡಿಸೆಂಬರಿನಲ್ಲಿ ಒಬ್ಬ ಠಾಣೆಗೆ ಬಂದು ಎಲ್ಲರಿಗೂ ಪೇಡೆ ಹಂಚಿದ್ದ. ಗಂಡು ಹುಟ್ಟಿದರಷ್ಟೇ ಪೇಡೆ ಹಂಚುವುದು ಆ ಕಡೆಯ ರೂಢಿ, ಹೆಣ್ಣು ಹುಟ್ಟಿದರೂ ತಾನು ಪೇಡೆಯೇ ಹಂಚುವವನು ಎಂದಿದ್ದ. ಅವನ ಹೆಂಡತಿ ಕುಸುಮ ಹೆತ್ತದ್ದು ತವರಿನಲ್ಲಿ, ಅಥಣಿಯ ಕಡೆ. ಅವರದು ದೊಡ್ಡ ದ್ರಾಕ್ಷಿ ತೋಟ.

"ಹೊಲಕ್ಕ ಹೋಗೂಣ ನಡೀರಿ," ಎಂದಷ್ಟೇ ಹೇಳಿದ. "ಡಬ್ಬಿ ಸಿಕ್ಕ ಜಾಗಾ ಇನ್ನೊಮ್ಮೆ ನೋಡಬೇಕು."

ತಾತ್ಯಾಸಾಹೇಬರ ಜೀಪಿನಲ್ಲಿ ಹೊರಟರು. ಬಾಬಾಸಾಹೇಬರು ಆ ಜೀಪು ಹತ್ತಲು ಒಪ್ಪದೆ ತಮ್ಮ ಮೋಟರ್ ಸೈಕಲ್ಲಿನಲ್ಲಿ ಹಿಂದೆ ಬಂದರು. ದಾರಿ ತುಂಬ ಉಗಾರದ ಕಡೆಗೆ ಹೋಗುವ ಕಬ್ಬಿನ ಗಾಡಿಗಳು. ಎತ್ತುಗಳ ಕೊರಳ ಗಂಟೆ, ಬೆಲ್ಲದಂಥ ವಾಸನೆ. ಮುರಗೆಪ್ಪನಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಂಕಟ. ಪಕ್ಕದಲ್ಲಿ ಪಾರಿಸ ಮೊಣಕಾಲ ಮೇಲೆ ಕೈ ಬಿಗಿದುಕೊಂಡು ಕೂತಿದ್ದ. ಒಳ್ಳೆಯ ಹುಡುಗ. ಅಪ್ಪ ಸತ್ತ ಮೇಲೆ ಅಣ್ಣನೇ ಎತ್ತಿ ಆಡಿಸಿ ಬೆಳೆಸಿದವನು, ಅಣ್ಣನ ಎದುರು ಇಂದಿಗೂ ಕುರ್ಚಿಯ ಮೇಲೆ ಕೂಡದವನು.

ಹೊಲ ಮುಟ್ಟಿದಾಗ ಹಿರಿಯರಿಬ್ಬರನ್ನೂ ಬದುವಿನ ಬೇವಿನ ಗಿಡದ ಹತ್ತಿರವೇ ನಿಲ್ಲಿಸಿ, ಮುರಗೆಪ್ಪ ಪಾರಿಸನನ್ನು ಕರೆದುಕೊಂಡು ಕಾಲುವೆಯ ದಂಡೆಗೆ ನಡೆದ. ರಾಜಮತಿ ನಾಲ್ಕು ಮಾರು ಹಿಂದೆ ಬಂದಳು. ಎಡಕ್ಕೆ ಹಸಿರು ಗೋಧಿ, ನಡುನಡುವೆ ಗುಂಡಗೆ ಕೆಂಪು ತೇಪೆಗಳು. ಬಲಕ್ಕೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು.

"ಡಬ್ಬಿ ನಿನಗ ಕಂಡಿದ್ದು ಎಲ್ಲಿ ಅಪಾ?"

ಪಾರಿಸ ತೋರಿಸಿದ.

"ಇಲ್ಲೇ ಬಹಳ ದಿನದಿಂದ ಬಿದ್ದಿತ್ತು ಅಂದಿದ್ದಿ."

"ಹೌದ್ರಿ. ಕರಿಕಿಯಾಗ ಮುಚ್ಚಿತ್ತು."

ಮುರಗೆಪ್ಪ ಕುಕ್ಕರಗಾಲಿನಲ್ಲಿ ಕೂತು ಕರಿಕೆ ಹುಲ್ಲಿನ ಮೇಲೆ ಕೈಯಾಡಿಸಿದ. ಅಂದು ಕೋಲಿನಿಂದ ಡಬ್ಬಿ ಎತ್ತಿದಾಗ ಕೆಳಗೆ ಕಂಡದ್ದು ಅವನಿಗೆ ಈಗ ಕಣ್ಣಿಗೆ ಕಟ್ಟಿತು. ಬಹಳ ದಿನ ಬಿದ್ದ ವಸ್ತುವಿನ ಕೆಳಗಿನ ಹುಲ್ಲು ಬಿಳಿಚಿಕೊಂಡು ಸತ್ತಿರುತ್ತದೆ. ಅಲ್ಲಿ ಕರಿಕೆ ಹಸಿರಾಗಿಯೇ ಇತ್ತು. ಇದನ್ನು ಅವನು ಪಾರಿಸನಿಗೆ ಹೇಳಿದ, ಬೈಯದೆ, ದನಿ ಏರಿಸದೆ.

ರಾಜಮತಿ ಮುಂದೆ ಬಂದಳು. ಎಲೆ ಕೆಂಪಾಗುವ ಎಷ್ಟೋ ದಿನ ಮೊದಲೇ ನಂಜು ಒಳಗೆ ಹೊಕ್ಕಿರುತ್ತದೆ, ಸಸಿ ಎಳೆಯದಿದ್ದಾಗ, ಮಾವಾ ಮೊದಲು ಇಳಿದಾಗ ಎಂದಳು. ನವೆಂಬರಿನ ನಡುವಿಗೆ ಮಾವಾ ಬಿದ್ದಿರಬೇಕು, ಆಗ ಔಷಧ ಹೊಡೆದಿದ್ದಿರೇನು ಎಂದು ಕೇಳಿದಳು.

"ಹೊಡದಿದ್ನಿರಿ."

"ನೀನ ಹೊಡದಿದ್ದಿ?"

"ಹೌದ್ರಿ. ಅಣ್ಣ ಹೇಳಿದ್ದ. ಹೊಡದಿದ್ನಿ."

ಅವನ ಕಣ್ಣು ನೀರಿನ ಮೇಲಿತ್ತು. ಮುರಗೆಪ್ಪ ಎದ್ದು ನಿಂತು ಮೊಣಕಾಲಿನ ಮಣ್ಣು ಝಾಡಿಸಿದ. ಡಬ್ಬಿಯ ಮಾತು, ಮೋರಚೂದದ ಮಾತು, ಯಾವುದನ್ನೂ ಎತ್ತಲಿಲ್ಲ.

"ಕೂಸಿಗೆ ಏನ ಹೆಸರಿಟ್ರಿ ಪಾರಿಸಾ?"

ಪಾರಿಸ ತಲೆಯೆತ್ತಿದ. ಆಮೇಲೆ ದಂಡೆಯ ಮೇಲೆಯೇ ಕುಸಿದು ಕೂತ.

"ಇನ್ನೂ ಇಟ್ಟಿಲ್ಲರಿ," ಎಂದ. "ಅಣ್ಣನ ಇಡಬೇಕು ಅಂತ ಬಿಟ್ಟೀವಿ. ಅವನ ಮುಖಾ ನೋಡಿ ಕೇಳಾಕ ನನಗ ಧೈರ್ಯ ಆಗವಲ್ದು."

ಮಿಕ್ಕದ್ದನ್ನು ಅವನಾಗಿಯೇ ಹೇಳಿದ. ಔಷಧ ಹೊಡೆಯಬೇಕಾದ ದಿನವೇ ಅಥಣಿಯಿಂದ ಸುದ್ದಿ ಬಂದಿತ್ತು. ಎರಡು ದಿನಕ್ಕೆಂದು ಹೋದವನು ಮಗಳ ಮುಷ್ಟಿಯೊಳಗೆ ತನ್ನ ಬೆರಳು ಸಿಕ್ಕಿಸಿಕೊಂಡು ಹದಿನೈದು ದಿನ ಕೂತುಬಿಟ್ಟ. ಬರುವ ಹೊತ್ತಿಗೆ ಮಾವಾ ತಾನೇ ಹೋಗಿತ್ತು, ಗೋಧಿ ಹಸಿರಾಗಿತ್ತು. ಹೊಡೆದೆ ಎಂದು ಅಣ್ಣನಿಗೆ ಸುಳ್ಳು ಹೇಳಿದ. ಹೊಲ ಕೆಂಪಾದಾಗ ಆ ಸುಳ್ಳು ಹೊರಬೀಳುತ್ತದೆಂದು ಅಂಜಿದ. ಸೀಮೆಎಣ್ಣೆ ಹಾಕಿಡಲೆಂದು ಹೆಂಡತಿಯ ತವರಿನ ತೋಟದಿಂದ ತಂದಿದ್ದ ಖಾಲಿ ಡಬ್ಬಿ ಮನೆಯಲ್ಲಿತ್ತು. ಯಾರ ಹೆಸರೂ ಬರುವುದಿಲ್ಲ, ಯಾರೋ ಹೊರಗಿನವರು ಮಾಡಿದರು ಎಂದಾಗುತ್ತದೆ ಎಂದುಕೊಂಡು ಚೀಟಿ ಕಿತ್ತು ದಂಡೆಗೆ ಇಟ್ಟ.

"ಅಣ್ಣ ಬಾಬಾ ಕಾಕಾನ ಹೆಸರ ತಗೀತಾನ ಅಂತ ನನ್ನ ಕನಸಿನ್ಯಾಗೂ ಇರಲಿಲ್ಲರಿ. ತಗದ ಮ್ಯಾಲ ಬಾಯಿ ಬರಲಿಲ್ಲ."

ಠಾಣೆಯಲ್ಲಿ ಹೇಳುವುದಕ್ಕಿಂತ ಅಲ್ಲಿ ನಿಂತ ಇಬ್ಬರಿಗೆ ಮೊದಲು ಹೇಳು ಎಂದ ಮುರಗೆಪ್ಪ. ಬೇವಿನ ಗಿಡದ ತನಕದ ಆ ದಾರಿಯನ್ನು ಪಾರಿಸ ನಡೆದದ್ದು ನೋಡಿದರೆ ಅದು ಹೊಳೆಯಾಚೆಯ ಊರಿನಷ್ಟು ದೂರವಿತ್ತೇನೋ ಅನಿಸುತ್ತಿತ್ತು.

ಅಣ್ಣ ತಮ್ಮನನ್ನು ಹೊಡೆಯುತ್ತಾನೆಂದೇ ಮುರಗೆಪ್ಪ ಎಣಿಸಿದ್ದ, ನಡುವೆ ಹೋಗಲು ಸಿದ್ಧನಾಗಿಯೂ ನಿಂತಿದ್ದ. ತಾತ್ಯಾಸಾಹೇಬರು ಕೈ ಎತ್ತಲಿಲ್ಲ. ಪೂರಾ ಕೇಳಿದರು. ಕೇಳಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಬರಿತಲೆಯನ್ನು ಆ ಊರಿನವರು ಬಸದಿಯ ಒಳಗಲ್ಲದೆ ಬೇರೆಲ್ಲೂ ಕಂಡವರಲ್ಲ.

"ನನಗ ನೀ ಯಾಕ ಅಂಜಿದಿ?" ಎಂದು ತಮ್ಮನನ್ನು ಕೇಳಿದರು. ಅದು ಗದರಿಕೆಯಾಗಿರಲಿಲ್ಲ.

ಉತ್ತರ ಕೊಟ್ಟವರು ಬಾಬಾಸಾಹೇಬರು.

"ಅಂಜದ ಏನ ಮಾಡ್ಯಾನ ತಾತ್ಯಾ. ಒಂದು ತಿಂಗಳಿಂದ ನಾನೂ ಅಂಜಾಕತ್ತೇನಿ ನಿನಗ," ಎಂದರು. ಆಮೇಲೆ ಪಾರಿಸನ ಹೆಗಲ ಮೇಲೆ ಕೈ ಇಟ್ಟು, ಚೊಚ್ಚಲ ಮಗಳ ಮುಖ ನೋಡುವುದು ಬಿಟ್ಟು ಮಾವಾಕ್ಕೆ ಔಷಧ ಹೊಡೆಯಲು ತಾನಾಗಿದ್ದರೂ ಬರುತ್ತಿರಲಿಲ್ಲ ಎಂದರು.

ತಾತ್ಯಾಸಾಹೇಬರು ಬಾಬಾಸಾಹೇಬರ ಎದುರು ಬಂದು ನಿಂತರು. ತಪ್ಪಾಯಿತು ಎಂಬ ಮಾತು ಆ ಮನೆತನದ ಗಂಡಸರಿಗೆ ಸುಲಭಕ್ಕೆ ಬರುವಂಥದಲ್ಲ. ಕೈಯಲ್ಲಿದ್ದ ಟೋಪಿಯನ್ನು ಎರಡು ಸಲ ತಿರುಗಿಸಿದರು.

"ಸಂಕ್ರಮಣದ ಕುಸುರೆಳ್ಳು ನಿನ್ನ ಮನಿಗೆ ಬಂದಿರಾಕಿಲ್ಲ," ಎಂದರು ಕೊನೆಗೆ.

"ಬಂದಿಲ್ಲ."

"ಹಂಗ ಇಟ್ಟಾಳ ಕಾಶಿಬಾಯಿ. ನಡಿ, ಮನಿಗೆ ಹೋಗೂಣ."

ಬಾಬಾಸಾಹೇಬರು ಈ ಸಲ ಜೀಪು ಹತ್ತಿದರು. ಮೋಟರ್ ಸೈಕಲ್ಲು ಬೇವಿನ ಗಿಡದ ಕೆಳಗೇ ಉಳಿಯಿತು.

ಜೀಪಿನಲ್ಲಿ ತಾತ್ಯಾಸಾಹೇಬರು ಅಳುಕುತ್ತ ಇನ್ನೊಂದು ಮಾತು ಕೇಳಿದರು. ಈ ಖಪಲಿ ಅವರ ಅಜ್ಜನ ಕಾಲದ ಬೀಜ. ಹುಗ್ಗಿಗೂ ಶಾವಿಗೆಗೂ ಇದೇ ಬೇಕೆಂದು ರಾಯಬಾಗದ ತನಕದ ಮನೆಗಳಿಂದ ಬೀಜಕ್ಕೆ ಬರುತ್ತಾರೆ. ಈ ವರ್ಷದ ಬೀಜ ಹಿಡಿದರೆ ನಂಜೂ ಅದರ ಜೊತೆ ಊರೂರಿಗೆ ಹೋಗುವುದಿಲ್ಲವೇ ಎಂಬುದು ಅವರ ಭಯ. ವಿಷದ ಮಾತಿಗೆ ಅವರು ಅಷ್ಟು ಜೋತುಬಿದ್ದದ್ದು ಯಾಕೆಂದು ಮುರಗೆಪ್ಪನಿಗೆ ಆಗ ಅರ್ಥವಾಯಿತು. ವಿಷವಾದರೆ ಒಂದು ಹೊಲಕ್ಕೆ ಮುಗಿಯಿತು, ರೋಗವಾದರೆ ಅಜ್ಜನ ಬೀಜವೇ ಕೆಟ್ಟಿತು ಎಂದು ಅವರು ತಿಳಿದಿದ್ದರು.

"ಈ ನಂಜು ಬೀಜಕ್ಕ ಇಳಿಯೂದಿಲ್ಲ ಕಾಕಾ," ಎಂದಳು ರಾಜಮತಿ. "ಕೆಂಪು ತೇಪಿ ಬಿಟ್ಟು ಹಸಿರ ಇದ್ದಲ್ಲಿ ತೆನಿ ಆರಿಸ್ರಿ. ಮುಂದಿನ ವರ್ಷ ಬಿತ್ತಾಕ ಏನೂ ಅಡ್ಡಿಲ್ಲ."

ತಾತ್ಯಾಸಾಹೇಬರು ಜೀಪಿನ ಕಿಟಕಿಯ ಹೊರಗೆ ಮುಖ ತಿರುಗಿಸಿದರು. ಸ್ವಲ್ಪ ದೂರ ಹೋದ ಮೇಲೆ ಪಾರಿಸನನ್ನು ಕೇಳಿದರು, ಕೂಸು ಯಾರ ಹಾಗೆ ಇದೆ ಎಂದು.

ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಹೀಗಾಗಿ ತಾತ್ಯಾಸಾಹೇಬರ ಹೆಂಡತಿ ಕಾಶಿಬಾಯಿ ಬಂದವರಿಗೆ ನೀರು ಕೊಟ್ಟದ್ದೇ ತಡ ಪಡಸಾಲೆಯಲ್ಲಿ ತಾಟು ಹಾಕಿಸಿದರು. ಕುಟ್ಟಿದ ಖಪಲಿಯ ಹುಗ್ಗಿ, ಮೇಲೆ ತುಪ್ಪ, ಪಕ್ಕಕ್ಕೆ ಬದನೆಕಾಯಿ ಪಲ್ಯ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಪಶ್ಚಿಮದ ಬಾಗಿಲಿಂದ ಇಳಿಬಿಸಿಲು ತಾಟುಗಳ ಮೇಲೆ ಬಿದ್ದಿತ್ತು. ಬೇಗ ಬೇಗ ಉಣ್ಣಿ, ಸೂರ್ಯ ಕಾಯುವುದಿಲ್ಲ ಎಂದು ಕಾಶಿಬಾಯಿ ಅವಸರ ಮಾಡುತ್ತಲೇ ಬಾಬಾಸಾಹೇಬರಿಗೆ ಎರಡು ಸಲ ಹುಗ್ಗಿ ನೀಡಿದರು. ಕುಸುರೆಳ್ಳಿನ ಬಟ್ಟಲು ಕೈಯಿಂದ ಕೈಗೆ ಹೋಯಿತು. ದೂರು ವಾಪಸು ತೆಗೆದುಕೊಳ್ಳಲು ನಾಳೆಯೇ ಬರುತ್ತೇನೆ ಎಂದರು ತಾತ್ಯಾಸಾಹೇಬರು. ಮೋಟರಿನ ಕೋಣೆಯ ಎರಡನೆಯ ಬೀಗದ ಕೀಲಿಯನ್ನು ಬಾಬಾಸಾಹೇಬರು ಸೊಂಟದಿಂದ ತೆಗೆದು ಪಾರಿಸನ ಕೈಗೆ ಹಾಕಿದರು.

ಮುರಗೆಪ್ಪ ಆ ಸಂಜೆ ಮನೆಗೆ ಹೋಗುವಾಗ ಸಣ್ಣಗೆ ಒಂದು ಭಜನೆ ಗುಣುಗುಣಿಸಿದ. ಯಾರಿಗೂ ಕೈಕೋಳ ಹಾಕದೆ ಇಷ್ಟು ಹಗುರಾಗಿ ಮುಗಿದ ಪ್ರಕರಣ ಅವನ ನೌಕರಿಯಲ್ಲಿ ಇನ್ನೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ರಾಜಮತಿ ಹಿತ್ತಲಿನಲ್ಲಿ ಪರದೆಗಳನ್ನು ಮಡಚುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಅವಳು ಧಾರವಾಡಕ್ಕೆ ಹೊರಡುವವಳು. ಹೋಗುವ ಮೊದಲು ಹಸಿರು ಸಸಿಗಳ ಒಂದು ಕುಂಡವನ್ನು ಠಾಣೆಗೇ ಬಿಡಲು ಮುರಗೆಪ್ಪ ಕೇಳಿಕೊಂಡಿದ್ದ, ಆಕೆ ಒಪ್ಪಿದ್ದಳು. ಅವನು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಚಹ ಹೀರುತ್ತಿದ್ದಾಗ ಟೆಲಿಫೋನು ಗಣಗಣಿಸಿತು.

ಪುಣೆಯಿಂದ ಟ್ರಂಕ್ ಕಾಲು. ಪ್ರಯೋಗಾಲಯದ ಹಿರಿಯರೊಬ್ಬರು ಮರಾಠಿಯಲ್ಲಿ ಮಾತಾಡಿದರು, ಮುರಗೆಪ್ಪ ಮರಾಠಿಯಲ್ಲೇ ಹೂಂಗುಟ್ಟಿದ. ಸೂಕ್ಷ್ಮದರ್ಶಕದಲ್ಲಿ ಸಾಸಿವೆ ಚೆಲ್ಲಿದಂತೆ ದುಂಡನೆಯ ಕಣಗಳು ಕಂಡಿವೆ. ಮೊಲದ ರಕ್ತದಿಂದ ಮಾಡಿದ ಸೀರಮ್ಮಿನ ಪರೀಕ್ಷೆಯೂ ಅದನ್ನೇ ಹೇಳಿದೆ. ರಾಜಮತಿಬಾಯಿಯವರ ಊಹೆ ಸರಿ, ಜವೆಗೋಧಿಯ ಹಳದಿ ಕುಳ್ಳು ನಂಜೇ.

ಮುರಗೆಪ್ಪ ಕಿಟಕಿಯಿಂದ ರಾಜಮತಿಗೆ ಕೈಸನ್ನೆ ಮಾಡಿ ನಕ್ಕ. ಆಕೆಯೂ ನಕ್ಕು ಪರದೆಯನ್ನು ತೋಳಿನ ಮೇಲೆ ಹಾಕಿಕೊಂಡು ಕಿಟಕಿಯ ಹತ್ತಿರ ಬಂದಳು.

ಅತ್ತ ಕಡೆಯ ದನಿ ಮುಂದುವರಿಯಿತು. ಇದೇನು ಹೊಸದಲ್ಲ, ಇದೇ ಹೊಲದ ಮೊದಲಿನ ಪಾಕೀಟಿನಲ್ಲಿ ಸಿಕ್ಕದ್ದೂ ಇದೇ ಎಂದಿತು.

ತಾವು ಕಳಿಸಿದ್ದು ಒಂದೇ ಪಾಕೀಟು ಎಂದ ಮುರಗೆಪ್ಪ.

ಇಲ್ಲ, ನವೆಂಬರಿನ ಕೊನೆಗೆ ಒಂದು ಬಂದಿತ್ತು, ಶಿರಗುಪ್ಪಿಯದೇ, ಆಗ ಎಲೆಗಳು ಇನ್ನೂ ಹಸಿರಾಗಿದ್ದವು ಎಂದರು ಅವರು. ಅಂಚೆಯಲ್ಲಿ ಬಂದದ್ದಲ್ಲ, ರಾಜಮತಿಬಾಯಿಯವರೇ ಖುದ್ದು ತಂದುಕೊಟ್ಟಿದ್ದರಲ್ಲ.

ಮುರಗೆಪ್ಪನ ನಗು ಮುಖದ ಮೇಲೆಯೇ ಉಳಿದುಕೊಂಡಿತು, ಇಳಿಸುವುದು ಮರೆತುಹೋಯಿತು. ಟೆಲಿಫೋನಿನ ಬಾಯಿಗೆ ಅಂಗೈ ಮುಚ್ಚಿದ.

"ಬಾಯಾರ, ನವೆಂಬರದಾಗ ನೀವು ಪುಣೆಕ್ಕ ಹೋಗಿದ್ರೇನ್ರಿ?"

"ನಾನು ಪುಣೆ ನೋಡಿ ಮೂರು ವರ್ಷಾತು," ಎಂದಳು ರಾಜಮತಿ. "ಅಲ್ಲಿಯವರ ಕೂಡ ಬರೇ ಕಾಗದದ ಪರಿಚಯ. ಯಾಕ?"

ಅವನು ಕೇಳಿದ್ದನ್ನೆಲ್ಲ ಹೇಳಿದ. ಗೋಧಿ ಕೆಂಪಾಗುವ ಮೊದಲೇ, ತಾತ್ಯಾಸಾಹೇಬರಿಗೇ ಗೊತ್ತಾಗುವ ಮೊದಲೇ, ಆ ಹೊಲದಲ್ಲಿ ನಂಜು ಇದೆಯೆಂದು ಬಲ್ಲ ಒಬ್ಬ ಹೆಂಗಸು. ಅದೂ ಆಕೆಯ ಹೆಸರು ಹೇಳಿಕೊಂಡು. ರಾಜಮತಿ ಕಿಟಕಿಯ ಸರಳು ಹಿಡಿದು ಮುಂದೆ ಬಾಗಿದಳು.

"ಆಕಿ ಅಲ್ಲೆ ಹುಳ ಏನರ ಮುಟ್ಟಿದ್ಲೇನು ಕೇಳ್ರಿ," ಎಂದಳು. "ಮುಟ್ಟಿದ್ರ, ಹೆಂಗ ಎತ್ತಿದ್ಲು ಕೇಳ್ರಿ."

ಮುರಗೆಪ್ಪ ಕೇಳಿದ. ಅತ್ತಲಿನ ಹಿರಿಯರಿಗೆ ಚೆನ್ನಾಗಿ ನೆನಪಿತ್ತು. ಎಲ್ಲರೂ ಮಾವಾ ಎತ್ತುವುದು ಸಣ್ಣ ಕುಂಚದಿಂದ. ಆಕೆ ಒಂದು ಜೋಳದ ಕಡ್ಡಿಗೆ ತನ್ನ ತಲೆಗೂದಲಿನ ಎಳೆಯೊಂದನ್ನು ಕುಣಿಕೆ ಮಾಡಿ ಕಟ್ಟಿ, ಅದರಿಂದ ಎತ್ತಿದಳು. ಒಂದು ಹುಳದ ಮೂತಿಯೂ ಮುರಿಯಲಿಲ್ಲ. ಆಮೇಲೆ ತಾವೂ ಹಾಗೆಯೇ ಮಾಡಲು ಕಲಿತೆವು ಎಂದು ಅವರು ನಕ್ಕರು.

ಅವನು ಅದನ್ನು ಒಂದು ಮಾತೂ ಬಿಡದೆ ರಾಜಮತಿಗೆ ಒಪ್ಪಿಸಿದ. ಅವಳ ತೋಳಿನ ಮೇಲಿನ ಪರದೆ ಜಾರಿ ನೆಲಕ್ಕೆ ಬಿತ್ತು.

"ಅದನ್ನ ನನಗ ಕಲಿಸಿದಾಕಿ ನಮ್ಮಕ್ಕ, ಹವಾಲ್ದಾರ್ರ," ಎಂದಳು. ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. "ಬ್ಯಾರೆ ಯಾರಿಗೂ ಗೊತ್ತಿಲ್ಲ. ಉಗಾರದ ಹೊಳಿಯಾಗ ಆಕಿ ಹೋಗಿ ಹನ್ನೊಂದು ವರ್ಷಾತು. ಮೈ ಸಿಗಲಿಲ್ಲ. ಮನ್ಯಾಗ ಫೋಟೋಕ್ಕ ಹೂವಿನ ಹಾರ ಹಾಕೀವಿ."

ಮುರಗೆಪ್ಪನ ಕಿವಿಯಲ್ಲಿ ಪುಣೆಯ ದನಿ ಇನ್ನೂ ಮಾತಾಡುತ್ತಲೇ ಇತ್ತು. ಅವನು ಕೇಳಿಸಿಕೊಂಡ. ಇನ್ನೊಮ್ಮೆ ಹೇಳಿ ಎಂದ, ಇನ್ನೊಮ್ಮೆ ಕೇಳಿಸಿಕೊಂಡ. ಆಮೇಲೆ ಕಿಟಕಿಯ ಕಡೆ ತಿರುಗಿದ.

"ಬಾಯಾರ, ಆಕಿ ನಿನ್ನೆ ಮತ್ತ ಬಂದಿದ್ಲಂತ. ಇವತ್ತ ಮಧ್ಯಾಹ್ನ ಈ ಪಾಕೀಟಿನ ಉತ್ತರ ಕೇಳಾಕ ಬರತೇನಿ ಅಂದು ಹೋಗ್ಯಾಳಂತ. ಪೊಲೀಸರ ಪಾಕೀಟಲ್ಲ, ಬಂದ್ರ ಆಕಿಗೆ ಏನ ಹೇಳೂದು ಅಂತ ಕೇಳಾಕತ್ತಾರ."